ಅರ್ಧ ಗಂಟೆಯ ಪ್ರವಾಸದಿಂದ ಯಾವ ಊರೂ ಉದ್ಧಾರವಾಗುವುದಿಲ್ಲ

ನಿನ್ನೆ ಸೋಮನಾಥಪುರದ ಕೇಶವ ದೇವಾಲಯದ ಮುಂದೆ ಕಂಡದ್ದನ್ನು ಬರೆಯದೆ ಇರಲು ನನ್ನಿಂದ ಆಗುತ್ತಿಲ್ಲ. ಮೈಸೂರಿನ ಕಡೆಯಿಂದ ಬಂದ ಪ್ರವಾಸಿ ಬಸ್ಸೊಂದು ನಿಂತಿತು. ಇಳಿದವರಿಗೆಲ್ಲ ಕೇಳಿಸುವಂತೆ ಅದರ ಮೇಲ್ವಿಚಾರಕ, ‘ಅರ್ಧ ಗಂಟೆ ಅಷ್ಟೇ, ಎಲ್ಲರೂ ವಾಪಸ್ ಬಂದುಬಿಡಬೇಕು’ ಎಂದು ಕೂಗಿದ. ರಸ್ತೆ ಬದಿಯಲ್ಲಿ ಎಳನೀರು, ಸೌತೆಕಾಯಿ ಇಟ್ಟುಕೊಂಡು ಕುಳಿತಿದ್ದ ಹೆಂಗಸಿನ ಕಡೆಗೆ ಹೆಜ್ಜೆ ಹಾಕಿದ್ದ ಇಬ್ಬರನ್ನು, ‘ನೀರು, ತಿಂಡಿ ಎಲ್ಲ ಬಸ್ಸಲ್ಲೇ ಇದೆ’ ಎಂದು ಹಿಂದಕ್ಕೆ ಕರೆದ. ಬಸ್ಸು ಹೊರಟ ಮೇಲೆ ನಾನು ಎಳನೀರು ಕುಡಿಯುತ್ತ ವ್ಯಾಪಾರ ಹೇಗಮ್ಮ ಎಂದು ಕೇಳಿದೆ. ‘ದಿನಾ ಇಂಗೇ ಕಣಣ್ಣ, ಬತ್ತರೆ, ಪೋಟೋ ತಗಂಡು ಓಯ್ತರೆ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ.

ನಾನು ಬನ್ನೂರಿನ ಕಡೆಯವನೆಂಬುದು, ಈ ದೇವಾಲಯ ನಿಂತಿರುವ ಕಟ್ಟೆಯ, ಅಂದರೆ ಜಗತಿಯ ಮೇಲೆ ಓಡಾಡಿಕೊಂಡೇ ಬೆಳೆದವನೆಂಬುದು ನಿಮಗೆ ಗೊತ್ತಿದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, 1258ರಲ್ಲಿ, ಸೋಮನಾಥ ದಂಡನಾಯಕ ಕಟ್ಟಿಸಿದ, ಮೂರು ಗರ್ಭಗುಡಿಗಳ ಈ ತ್ರಿಕೂಟದ ಹೊರಗೋಡೆಯನ್ನು ಒಂದು ಸುತ್ತು ಸರಿಯಾಗಿ ನೋಡಲಿಕ್ಕೇ ಅರ್ಧ ಗಂಟೆ ಸಾಲದು. ಕೆಳಗಿನ ಆನೆಯ ಸಾಲು, ಕುದುರೆಯ ಸಾಲು, ಅದರ ಮೇಲೆ ಬರುವ ಪುರಾಣದ ಕಥೆಗಳು, ಅವುಗಳ ಮೇಲಿನ ದೊಡ್ಡ ವಿಗ್ರಹಗಳು, ಆ ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿ ಕೆತ್ತಿಟ್ಟ ತನ್ನ ಹೆಸರು, ಇವನ್ನೆಲ್ಲ ಯಾರಾದರೂ ಜೊತೆಗೆ ನಿಂತು ತೋರಿಸಬೇಕು. ಊರಿನ ಓದಿದ ಹುಡುಗಿಯೊಬ್ಬಳು ತರಬೇತಿ ಪಡೆದು ಅದನ್ನು ತೋರಿಸುವಂತಾದರೆ ಅವಳಿಗೆ ಸಂಬಳವೂ ಆಯಿತು, ಊರಿಗೆ ಮರ್ಯಾದೆಯೂ ಆಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾನು ಜಾಲತಾಣದ ಈ ನನ್ನ ಗೋಡೆಯ ಮೇಲೆಯೇ ಎಷ್ಟು ಸಂಭ್ರಮದಿಂದ ಬರೆದಿದ್ದೆನೆಂದು ನೆನಪಿರಬಹುದು. ಆ ಸಂಭ್ರಮ ಈಗಲೂ ಇದೆ. ಆದರೆ ಪಟ್ಟಿಗೆ ಸೇರಿದ್ದರಿಂದ ಎಳನೀರಿನ ಆ ಹೆಂಗಸಿಗೆ ಏನು ಸಿಕ್ಕಿತೆಂದು ಕೇಳಲೇಬೇಕಾಗಿದೆ. ದೇವಾಲಯದ ಟಿಕೆಟ್ಟಿನ ಹಣ ಕೇಂದ್ರ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ. ಬಂದವರು ರಸ್ತೆಯಲ್ಲಿ ಎಸೆದ ಬಾಟಲಿಗಳು ಮಾತ್ರ ಊರಿನ ಪಾಲಿಗೆ ಉಳಿಯುತ್ತವೆ.

ಪ್ರವಾಸೋದ್ಯಮದಿಂದ ಅಭಿವೃದ್ಧಿ ಎಂದು ವೇದಿಕೆಯಿಂದ ಹೇಳುವವರು ಎಷ್ಟು ಜನ ಬಂದರು ಎಂಬ ಲೆಕ್ಕ ಕೊಡುತ್ತಾರೆ. ಬಂದವರು ಎಷ್ಟು ಹೊತ್ತು ನಿಂತರು, ಅವರು ಖರ್ಚು ಮಾಡಿದ ಹಣದಲ್ಲಿ ಎಷ್ಟು ಆ ಊರಿನಲ್ಲೇ ಉಳಿಯಿತು ಎಂಬ ಲೆಕ್ಕವನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ. ಪ್ರಯಾಣಿಕ ನಿಂತರೆ ತಾನೇ ವ್ಯಾಪಾರ? ಮದ್ದೂರಿನ ವಡೆಗೆ ಹೆಸರು ಬಂದದ್ದೇ ಅಲ್ಲಿನ ರೈಲು ನಿಲ್ದಾಣದಲ್ಲಿ ಗಾಡಿ ನಿಲ್ಲುತ್ತಿದ್ದುದರಿಂದ. ಹಳೆಯ ಬೆಂಗಳೂರು–ಮೈಸೂರು ರಸ್ತೆಯೂ ಹಾಗೆಯೇ ಊರೂರಿನ ನಡುವೆ ಹಾದು, ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಮರದ ಬೊಂಬೆ, ಮಂಡ್ಯದಲ್ಲಿ ಬೆಲ್ಲ ಎಂದು ಎಷ್ಟೋ ಮನೆಗಳ ಒಲೆ ಉರಿಸುತ್ತಿತ್ತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹತ್ತು ಪಥದ ಹೆದ್ದಾರಿ ಈ ಊರುಗಳನ್ನೆಲ್ಲ ಹೊರಗಿನಿಂದ ಬಳಸಿಕೊಂಡು ಹೋಗುತ್ತದೆ.

ಹೆದ್ದಾರಿಯಿಂದಲೇ ಹೆಚ್ಚು ಜನ ಬರುತ್ತಿದ್ದಾರೆ, ಮೈಸೂರಿನ ಹೋಟೆಲುಗಳಲ್ಲಿ ನಮ್ಮ ಹುಡುಗರಿಗೆ ಕೆಲಸ ಸಿಗುತ್ತಿದೆ ಎಂದು ಕೆಲವರು ವಾದಿಸುತ್ತಾರೆ. ರಸ್ತೆ ಬೇಡವೆಂದು ನಾನೂ ಹೇಳುವುದಿಲ್ಲ. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕಾದವರಿಗೆ ಅದರ ಬೆಲೆ ಗೊತ್ತು. ಆದರೆ ಒಂದೂವರೆ ಗಂಟೆಯಲ್ಲಿ ಬಂದವನು ಅಷ್ಟೇ ಹೊತ್ತಿನಲ್ಲಿ ಹಿಂತಿರುಗುತ್ತಾನೆ; ಅರಮನೆ, ಚಾಮುಂಡಿ ಬೆಟ್ಟ ನೋಡಿ ರಾತ್ರಿ ಊಟಕ್ಕೆ ಮನೆ ಸೇರುವವನಿಗೆ ಇಲ್ಲಿ ತಂಗುವ ಅಗತ್ಯವೇ ಇಲ್ಲ. ಇನ್ನು ಹೋಟೆಲಿನ ಕೆಲಸವೆಂದರೆ ಹಳ್ಳಿಯ ಹುಡುಗ ನಗರಕ್ಕೆ ಹೋಗಿ ಕೊಠಡಿ ಗುಡಿಸುವುದು. ಹಳ್ಳಿಯ ಹೊಲ, ಕೆರೆ, ಗುಡಿ, ಅಡುಗೆ ಯಾವುದಕ್ಕೂ ಅದರಿಂದ ಬೆಲೆ ಬರಲಿಲ್ಲ. ಇದನ್ನು ಗ್ರಾಮೀಣಾಭಿವೃದ್ಧಿ ಎಂದು ಒಪ್ಪಲು ನನಗೆ ಸಾಧ್ಯವಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರನ್ನು ನೆನೆದರೆ ಸಂಕಟ ಇನ್ನೂ ಹೆಚ್ಚಾಗುತ್ತದೆ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಅಲ್ಲಿ ಮನೆಯಂಗಳದ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಕ್ಕಿಗಳಿಗಾಗಿ ಹುಣಸೆಯ ಫಸಲನ್ನೇ ಬಿಟ್ಟುಕೊಟ್ಟಿದ್ದಾರೆ. ಮರದ ಮಾಲೀಕರಿಗೆ ಅರಣ್ಯ ಇಲಾಖೆಯ ಪರಿಹಾರವುಂಟು, ನಿಜ. ಆದರೆ ಆ ಮರದ ಕೆಳಗೆ ದೊಡ್ಡ ಲೆನ್ಸ್ ಹಿಡಿದು ನಿಲ್ಲುವವರು ಬುತ್ತಿಯನ್ನೂ ಕಟ್ಟಿಕೊಂಡೇ ಬರುತ್ತಾರೆ. ಆ ಮನೆಗಳಲ್ಲೇ ಮುದ್ದೆ, ಸೊಪ್ಪಿನ ಸಾರು ಉಣ್ಣುವ ಏರ್ಪಾಡಾಗಿ, ಅದರ ಹಣ ಆ ಮನೆಯೊಡತಿಯ ಕೈಗೇ ಬಂದರೆ, ಹಕ್ಕಿ ಉಳಿಸಿದವರಿಗೆ ಸಲ್ಲಬೇಕಾದದ್ದು ಸಂದಂತಾಗುತ್ತದೆ.

ಇದು ಆಗದ ಮಾತೂ ಅಲ್ಲ. ಕೇರಳದ ಕುಮರಕೋಮ್‌ನಲ್ಲಿ 2008ರ ಹೊತ್ತಿಗೆ ಶುರುವಾದ ಏರ್ಪಾಡಿನಲ್ಲಿ ಕುಟುಂಬಶ್ರೀ ಹೆಂಗಸರ ಗುಂಪುಗಳು ಬೆಳೆದ ತರಕಾರಿಯನ್ನು ಅಲ್ಲಿನ ಹೋಟೆಲುಗಳೇ ಕೊಂಡವು. ಪ್ರವಾಸಿಗರು ತೆಂಗಿನ ನಾರು ಹೊಸೆಯುವುದನ್ನು, ಗರಿ ಹೆಣೆಯುವುದನ್ನು ಹಳ್ಳಿಯ ಮನೆಗಳಲ್ಲಿ ಕುಳಿತು ನೋಡಿ ಅದಕ್ಕೆ ದುಡ್ಡು ಕೊಟ್ಟರು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳಿಲ್ಲವೇ? ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಬೆಲ್ಲವಾಗುವುದನ್ನು, ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಮಗ್ಗದಲ್ಲಿ ಸೀರೆ ನೇಯುವುದನ್ನು ನೋಡಲು ಅರ್ಧ ದಿನ ಕೊಡುವವರು ಖಂಡಿತ ಇದ್ದಾರೆ. ಅವರನ್ನು ಅಲ್ಲಿಗೆ ಕರೆದೊಯ್ಯುವ ದಾರಿಫಲಕವಿಲ್ಲ, ಕುಳಿತುಕೊಳ್ಳಲು ನೆರಳಿಲ್ಲ, ಹೆಂಗಸರಿಗೆ ಶುಚಿಯಾದ ಶೌಚಾಲಯವಿಲ್ಲ.

ಸೋಮನಾಥಪುರದ ಮುಂದಿನ ಗ್ರಾಮಸಭೆಯಲ್ಲಿ ಮೂರು ಬೇಡಿಕೆಗಳನ್ನು ಇಡಲು ಅಲ್ಲಿನ ಗೆಳೆಯರ ಜೊತೆ ಮಾತಾಡಿದ್ದೇನೆ: ಊರಿನ ಯುವಕ ಯುವತಿಯರಿಗೆ ಮಾರ್ಗದರ್ಶಿ ತರಬೇತಿ, ಸಂಘದ ಹೆಂಗಸರಿಗೆ ದೇವಾಲಯದ ಸಮೀಪದಲ್ಲೇ ಮಳಿಗೆ, ಪ್ರವಾಸಿ ಬಸ್ಸುಗಳು ಕನಿಷ್ಠ ಎರಡು ಗಂಟೆ ನಿಲ್ಲಬೇಕೆಂದು ಜಿಲ್ಲಾಡಳಿತಕ್ಕೆ ಮನವಿ. ಬನ್ನೂರು, ತಿ. ನರಸೀಪುರದ ಕಡೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಸಂದೇಶ ಕಳಿಸಿ. ಮನವಿಯ ಕರಡು ನನ್ನ ಬಳಿ ಸಿದ್ಧವಿದೆ. ಸಹಿ ಹಾಕುವವರು ಬೇಕು.