ಸದನಕ್ಕೆ ಒಂದು ರಾತ್ರಿಯ ದಾರಿ

ಶಾಸನಸಭೆ ಎಂದ ಕೂಡಲೇ ಹುಬ್ಬಳ್ಳಿ-ಧಾರವಾಡದವರ ತಲೆಯಲ್ಲಿ ರಾತ್ರಿ ರೈಲು ಕೂಗುತ್ತದೆ. ಅಧಿವೇಶನದ ಹಿಂದಿನ ರಾತ್ರಿ ಹುಬ್ಬಳ್ಳಿ ನಿಲ್ದಾಣದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ ಕಾಯುವವರನ್ನು ನೋಡಬೇಕು. ಬಿಳಿ ಖಾದಿಯ ಒಬ್ಬರು ನಡುವೆ, ಸುತ್ತ ಎಂಟು ಹತ್ತು ಜನ. ಆಪ್ತ ಸಹಾಯಕನ ಒಂದು ಕೈಯಲ್ಲಿ ಅರ್ಜಿಗಳ ಕಡತ, ಇನ್ನೊಂದು ಕೈಯಲ್ಲಿ ಬುತ್ತಿ. ಬುತ್ತಿಯಲ್ಲಿ ಏನಿದೆ ಎಂದು ಕೇಳಬೇಕಾಗಿಲ್ಲ. ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯ ವಾಸನೆಯೇ ಹೇಳುತ್ತದೆ. ರೈಲು ಅಲುಗಾಡಿದ ಮೇಲೂ ಒಬ್ಬ ಶಿಕ್ಷಕ ತನ್ನ ವರ್ಗಾವಣೆಯ ಪತ್ರಕ್ಕೆ ಸಹಿ ಬೇಕೆಂದು ಬೋಗಿಯ ಜೊತೆ ಜೊತೆಗೆ ಓಡುತ್ತಾನೆ. ಜಗತ್ತಿನಲ್ಲೇ ಅತಿ ಉದ್ದದ, 1507 ಮೀಟರಿನ ಪ್ಲಾಟ್‌ಫಾರ್ಮ್ ನಮ್ಮ ಹುಬ್ಬಳ್ಳಿಯದು. ಯಾವ ಎಂಜಿನಿಯರ್ ಏನೇ ಕಾರಣ ಕೊಡಲಿ, ಇಂಥ ಅರ್ಜಿದಾರರಿಗೆ ಓಡಲು ಜಾಗ ಬೇಕಿತ್ತು ಎಂದೇ ನನ್ನ ಗುಮಾನಿ.

ನಮ್ಮ ಶಾಸನಸಭೆಯ ಕಥೆಯನ್ನು ಎಲ್ಲರೂ 1881ರಿಂದ ಶುರು ಮಾಡುತ್ತಾರೆ. ಆ ವರ್ಷ ಮಾರ್ಚಿಯಲ್ಲಿ ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಮರಳಿಸಿದರು. ದಿವಾನ ರಂಗಾಚಾರ್ಲು ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿಯೇಬಿಟ್ಟರು. 144 ಪ್ರತಿನಿಧಿಗಳು, ಹೆಚ್ಚಿನವರು ಜಮೀನುದಾರರು ಮತ್ತು ವ್ಯಾಪಾರಸ್ಥರು. ಮತ ಹಾಕಿ ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ವರ್ಷದ ಲೆಕ್ಕವನ್ನು ದಿವಾನರು ಒಪ್ಪಿಸುವುದು, ಇವರು ಕೇಳುವುದು. ಕೆರೆ, ಕಂದಾಯ, ರಸ್ತೆಗಳ ಅಹವಾಲನ್ನು ಇವರು ಹೇಳುವುದು, ದಿವಾನರು ಕೇಳುವುದು. ಇಷ್ಟೇ. ಚುನಾವಣೆಯ ಮಾತು ಬಂದದ್ದು ಹತ್ತು ವರ್ಷಗಳ ನಂತರ, 1891ರಲ್ಲಿ. ಆದರೂ ಆ ಕಾಲಕ್ಕೆ ದೇಶೀ ಸಂಸ್ಥಾನಗಳಲ್ಲಿ ಅಂಥ ಸಭೆ ಮತ್ತೊಂದಿರಲಿಲ್ಲ. ಮೇಲಾಗಿ ದಸರೆಯ ಹೊತ್ತು! ಜಂಬೂಸವಾರಿ ನೋಡಿದ ಹಾಗೂ ಆಯಿತು, ಊರಿನ ಕೆರೆಯ ತೂಬಿನ ವಿಷಯ ಹೇಳಿದ ಹಾಗೂ ಆಯಿತು. ಇಂಥ ಅನುಕೂಲ ಸಿಕ್ಕಿದ್ದರೆ ನಮ್ಮವರೂ ಒಂದು ಅಹವಾಲು ಹುಡುಕಿಕೊಂಡು ಹೋಗುತ್ತಿದ್ದರು.

ಆದರೆ ನಮಗೆ ಮೈಸೂರು ಪರಊರು. ಹರಿಹರದ ಬಳಿ ತುಂಗಭದ್ರೆ ಹರಿಯುತ್ತದಲ್ಲ, ಅದೇ ಗಡಿ. ಆಚೆ ದಂಡೆಯವನು ದಿವಾನರ ಮುಂದೆ ನಿಲ್ಲಬಹುದಿತ್ತು. ಈಚೆ ದಂಡೆಯ ರಾಣೆಬೆನ್ನೂರಿನವನು ಮುಂಬಯಿಯತ್ತ ಮುಖ ಮಾಡಬೇಕಿತ್ತು. ಮುಂಬಯಿಯ ವಿಧಾನ ಪರಿಷತ್ತು ವಯಸ್ಸಿನಲ್ಲಿ ಮೈಸೂರಿನ ಸಭೆಗಿಂತ ಹಿರಿದು, 1862ರಿಂದಲೇ ಕೂಡುತ್ತಿತ್ತು. ಆದರೆ ಬಹುಕಾಲ ಅದು ಗವರ್ನರರು ಆರಿಸಿಕೊಂಡ ಕೆಲವೇ ದೊಡ್ಡವರ ಸಭೆ. ಧಾರವಾಡದ ಹತ್ತಿ ಬೆಳೆಗಾರ ಅಲ್ಲಿಗೆ ಹೋಗಿ ಏನು ಹೇಳಿಯಾನು, ಯಾವ ಭಾಷೆಯಲ್ಲಿ ಹೇಳಿಯಾನು? 1935ರ ಕಾಯಿದೆ ಕೂಡ ಪ್ರಾಂತಗಳ ಸದನಗಳಲ್ಲಿ ಇಂಗ್ಲಿಷನ್ನೇ ಮುಂದೆ ಕೂರಿಸಿತು. ಇಂಗ್ಲಿಷ್ ಬಾರದವರು ಬೇರೆ ಭಾಷೆಯಲ್ಲಿ ಮಾತನಾಡಬಹುದು ಎಂದು ಉದಾರವಾಗಿ ಒಂದು ಸಂದು ಬಿಟ್ಟಿತು.

ದಾರಿಯ ಕಷ್ಟ ಬೇರೆ. ಹುಬ್ಬಳ್ಳಿಯಿಂದ ಪುಣೆಯವರೆಗೆ ಮೀಟರ್ ಗೇಜಿನ ಗಾಡಿ; ಪುಣೆಯಲ್ಲಿ ಹಾಸಿಗೆ ಸುರುಳಿ, ಟ್ರಂಕು, ಬುತ್ತಿ ಎಲ್ಲವನ್ನೂ ಇಳಿಸಿ ಬ್ರಾಡ್ ಗೇಜಿನ ಗಾಡಿಗೆ ಏರಿಸಬೇಕು. ಮಳೆಗಾಲದ ಅಧಿವೇಶನವನ್ನು ಮುಂಬಯಿ ಸರಕಾರ ಪುಣೆಯಲ್ಲೇ ನಡೆಸುತ್ತಿತ್ತು. ಸಾಹೇಬರು ಮುಂಬಯಿಯ ಮಳೆಗೆ ಬೇಸತ್ತು ಮಾಡಿಕೊಂಡ ಏರ್ಪಾಡು ಅದು. ಆದರೆ ಗಾಡಿ ಬದಲಿಸುವ ತಾಪತ್ರಯ ತಪ್ಪಿತೆಂದು ಅದರ ಪುಣ್ಯ ಉಂಡವರು ನಮ್ಮ ಸದಸ್ಯರು.

ಹಾಗೆಂದು ನಮ್ಮವರು ಅಲ್ಲಿ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು ಎಂದುಕೊಳ್ಳಬಾರದು. ಹುಬ್ಬಳ್ಳಿಯ ವಕೀಲರಾದ ಸರ್ ಸಿದ್ದಪ್ಪ ಕಂಬಳಿಯವರು ಆ ಪರಿಷತ್ತಿನ ಉಪಾಧ್ಯಕ್ಷರಾದರು, 1930ರ ದಶಕದಲ್ಲಿ ಮಂತ್ರಿಯೂ ಆದರು. ಅದಕ್ಕೂ ಮೊದಲೇ, 1920ರಲ್ಲಿ, ಧಾರವಾಡದಲ್ಲಿ ಕರ್ನಾಟಕ ರಾಜಕೀಯ ಪರಿಷತ್ತು ಸೇರಿತು, ಕನ್ನಡನಾಡು ಒಂದಾಗಬೇಕೆಂದು ಕೇಳಿತು. ಅಧ್ಯಕ್ಷತೆ ವಿ.ಪಿ. ಮಾಧವರಾಯರದು. 1907ರಲ್ಲಿ ಮೈಸೂರಿನಲ್ಲಿ ಕಾನೂನು ಮಾಡುವ ನ್ಯಾಯವಿಧಾಯಕ ಸಭೆ ಹುಟ್ಟಿದಾಗ ದಿವಾನರಾಗಿದ್ದವರು ಇವರೇ. ಮೈಸೂರಿನಲ್ಲಿ ಸಭೆ ಕಟ್ಟಿದ ಹಿರಿಯರು ನದಿ ದಾಟಿ ಬಂದು ನಮ್ಮೂರಿನ ಅಧ್ಯಕ್ಷಪೀಠದಲ್ಲಿ ಕುಳಿತರು ಎಂಬುದು ನನಗೆ ಕಂಬಳಿಯವರ ಮಂತ್ರಿಗಿರಿಗಿಂತ ಹೆಚ್ಚು ಖುಷಿ ಕೊಡುವ ಸಂಗತಿ.

ಮುಂದೆ ಸ್ವಾತಂತ್ರ್ಯ ಬಂದರೂ ರೈಲು ಉತ್ತರಕ್ಕೇ ಹೋಗುತ್ತಿತ್ತು. 1953ರಲ್ಲಿ ಜನರ ತಾಳ್ಮೆ ಮುಗಿಯಿತು. ಹುಬ್ಬಳ್ಳಿಯ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕನ್ನಡನಾಡು ಒಂದಾಗಲೆಂದು ಉಪವಾಸ ಕುಳಿತರು. ಈಗ ಗದಗ ಜಿಲ್ಲೆಯಲ್ಲಿರುವ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯ ಸದಸ್ಯತ್ವಕ್ಕೆ ರಾಜೀನಾಮೆ ಎಸೆದು ತಾವೂ ಉಪವಾಸಕ್ಕೆ ಇಳಿದರು. ಒಮ್ಮೆ ಸಿಕ್ಕ ಕುರ್ಚಿಯನ್ನು ಹೊಟ್ಟೆ ತುಂಬಿದವರೇ ಬಿಡದಿರುವಾಗ, ಕುರ್ಚಿಯನ್ನೂ ಅನ್ನವನ್ನೂ ಒಟ್ಟಿಗೆ ಬಿಟ್ಟವರು ಅವರು. ಈಗಿನ ರಾಜೀನಾಮೆಗಳಿಗೆ ರೆಸಾರ್ಟಿನ ಊಟ ಜೊತೆಗಿರುತ್ತದೆ. ಇರಲಿ, ಆ ಮಾತು ಇಲ್ಲಿ ಬೇಡ.

1956ರ ನವೆಂಬರ್ 1ರಂದು ಒಂದು ತಮಾಷೆ ನಡೆಯಿತು. ಮುಂಬಯಿ ಶಾಸನಸಭೆಗೆಂದು ನಾವು ಆರಿಸಿ ಕಳಿಸಿದ್ದ ನಮ್ಮ ಕಡೆಯ ಸದಸ್ಯರೆಲ್ಲ ಬೆಳಗಾಗುವುದರಲ್ಲಿ ಹೊಸ ಮೈಸೂರು ರಾಜ್ಯದ ಶಾಸಕರಾದರು. ಚುನಾವಣೆ ಇಲ್ಲ, ಭಾಷಣ ಇಲ್ಲ. ರಾಜ್ಯ ಪುನರ್ವಿಂಗಡಣೆಯ ಕಾಯಿದೆ ಅವರನ್ನು ಸರಕಾರಿ ನೌಕರರ ಹಾಗೆ ಮುಂಬಯಿಯಿಂದ ಬೆಂಗಳೂರಿಗೆ ವರ್ಗ ಮಾಡಿತು. ಕೊಡಗಿನವರ ಪಾಲಿಗಂತೂ 24 ಸದಸ್ಯರ ತಮ್ಮದೇ ಪುಟ್ಟ ಶಾಸನಸಭೆಯೇ ಮುಗಿದುಹೋಯಿತು. ಡಿಸೆಂಬರ್ 19ರಂದು ಹೊಸ ವಿಧಾನಸೌಧದಲ್ಲಿ ಎಲ್ಲರೂ ಮೊದಲ ಬಾರಿಗೆ ಒಟ್ಟಿಗೆ ಕುಳಿತರು. ಹಟ ಹಿಡಿದು ಆ ಕಟ್ಟಡ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಮುಖ್ಯಮಂತ್ರಿ ಪದವಿ ಅಷ್ಟರಲ್ಲೇ ಹೋಗಿತ್ತು. ನಿಜಲಿಂಗಪ್ಪನವರು ಆ ಜಾಗದಲ್ಲಿದ್ದರು. ಸಭಾಧ್ಯಕ್ಷರನ್ನಾಗಿ ಆರಿಸಿದ್ದು ಎಸ್.ಆರ್. ಕಂಠಿಯವರನ್ನು. ಅವರು ಮುಂಬಯಿ ಸದನದ ಉಪಸಭಾಧ್ಯಕ್ಷರಾಗಿದ್ದವರು, ನಮ್ಮ ಪಕ್ಕದ ವಿಜಾಪುರ ಜಿಲ್ಲೆಯವರು. ಅಂದರೆ ಬೆಂಗಳೂರಿನ ಆ ಎತ್ತರದ ಕುರ್ಚಿಯಲ್ಲಿ ಕೂತು 'ಸುಮ್ಮನಿರಿ' ಎನ್ನುವ ಅಧಿಕಾರ ಬಂದದ್ದು ಮುಂಬಯಿ ರೈಲಿನಲ್ಲಿ ಪಳಗಿದವರಿಗೆ. ವರ್ಗವಾಗಿ ಹೋದವರಿಗೆ ಇಷ್ಟಾದರೂ ಬೇಡವೇ?

ದಾರಿ ಮಾತ್ರ ಚಿಕ್ಕದಾಗಲಿಲ್ಲ, ದಿಕ್ಕು ಬದಲಾಯಿತು ಅಷ್ಟೇ. ಅದೇ ಮೀಟರ್ ಗೇಜು, ಅದೇ ಬುತ್ತಿ, ಕಿಟಕಿಯಾಚೆ ರಾಣೆಬೆನ್ನೂರು, ಹರಿಹರ. ಈಗ ಧಾರವಾಡದಿಂದ ಹಗಲಿನಲ್ಲೇ ವಂದೇ ಭಾರತ್ ಇದೆ, ವಿಮಾನವೂ ಇದೆ. ಆದರೆ ಅರ್ಜಿ ಹಿಡಿದ ರೈತನಿಗೆ ಈಗಲೂ ರಾತ್ರಿ ರೈಲೇ ಸರಿ: ಲಾಡ್ಜಿನ ಖರ್ಚು ಉಳಿಯುತ್ತದೆ, ನಿಲ್ದಾಣದಲ್ಲಿ ಮುಖ ತೊಳೆದು ನೇರ ಶಾಸಕರ ಭವನಕ್ಕೆ ಹೋಗಬಹುದು.

2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟನೆಯಾದ ಮೇಲೆ ಚಳಿಗಾಲದಲ್ಲಿ ಕೆಲವು ದಿನ ಲೆಕ್ಕ ತಿರುವುಮುರುವಾಗುತ್ತದೆ. ನಾವು ಬೆಳಗಿನ ಚಹಾ ಕುಡಿದು ಬಸ್ ಹತ್ತಿದರೆ ಪ್ರಶ್ನೋತ್ತರದ ಹೊತ್ತಿಗೆ ಬೆಳಗಾವಿಯಲ್ಲಿರುತ್ತೇವೆ. ಬೆಂಗಳೂರು ಕಡೆಯ ಶಾಸಕರು ದಾರಿ ದೂರ, ಚಳಿ ಬಹಳ, ಉಳಿಯುವ ವ್ಯವಸ್ಥೆ ಸರಿಯಿಲ್ಲ ಎಂದು ಗೊಣಗಿದ ಸುದ್ದಿ ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಧಾರವಾಡದ ಚಹಾದಂಗಡಿಗಳಲ್ಲಿ ಸದನದ ಕಲಾಪಕ್ಕಿಂತ ಮೊದಲು ಅದನ್ನೇ ಓದುತ್ತಾರೆ, ಅದೂ ಗಟ್ಟಿಯಾಗಿ.