ಲೆಫ್ಟ್ ಬ್ಯಾಕ್, ಸಂಸ್ಥಾಪಕ ಅಧ್ಯಕ್ಷ

ಮಡಿಕೇರಿ ಪಕ್ಕದ ನಮ್ಮ ಅಕ್ಕನ ಮಗ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾನೆ. ಅಲ್ಲಿನ ಬಹಳಷ್ಟು ಕಾಲೇಜುಗಳಿಗೆ ಕಾಮನ್ ಆ್ಯಪ್ ಅನ್ನೋ ಒಂದೇ ಫಾರಂ. ಓದು ಬಿಟ್ಟು ಇನ್ನೇನು ಮಾಡಿದೆ ಅಂತ ಹೇಳಲು 10 ಖಾನೆ, ಬಹುಮಾನಕ್ಕೆ 5. ಒಂದೊಂದು ಚಟುವಟಿಕೆಯ ವಿವರವೂ 150 ಅಕ್ಷರದಲ್ಲಿ ಮುಗಿಯಬೇಕು. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ನಮ್ಮ ಕಡೆ ಮದುವೆಗೆ ಕರೆಯೋಕೇ ಇದಕ್ಕಿಂತ ಜಾಸ್ತಿ ಮಾತು ಬೇಕು.

ಮೊದಲ ಖಾನೆಯಲ್ಲಿ ಹುಡುಗ 'ಹಾಕಿ ಆಟ' ಅಂತ ಬರೆದ. ಸರಿಯೇ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡಗಿನ ಕರಡದಲ್ಲಿ ಶುರು ಮಾಡಿದರು. ಈಗ 300ಕ್ಕೂ ಹೆಚ್ಚು ಕುಟುಂಬಗಳ ತಂಡ ಇಳಿಯುತ್ತವೆ. ಅಪ್ಪ, ಮಗ, ಚಿಕ್ಕಪ್ಪ ಒಂದೇ ಜೆರ್ಸಿಯಲ್ಲಿ ಓಡುವ ಆಟ ಅದು. ಮುಂದಿನ ಗೆರೆ 'ಪೊಸಿಷನ್', 50 ಅಕ್ಷರ. ಮೈದಾನದಲ್ಲಿ ತಾನು ನಿಲ್ಲುವ ಜಾಗ ಕೇಳ್ತಿದ್ದಾರೆ ಅಂದುಕೊಂಡು ಲೆಫ್ಟ್ ಬ್ಯಾಕ್ ಅಂತ ತುಂಬಿದ.

ಬೆಂಗಳೂರಿನ ಕನ್ಸಲ್ಟೆಂಟ್ ಮೇಡಂ ವಿಡಿಯೋ ಕಾಲಿನಲ್ಲೇ ತಲೆ ಹಿಡಿದುಕೊಂಡರು.

"ಪೊಸಿಷನ್ ಅಂದ್ರೆ ಹುದ್ದೆ ಕಣಪ್ಪಾ! ನೀನು ಕ್ಯಾಪ್ಟನ್ನಾ?"

"ಇಲ್ಲ ಮೇಡಂ, ನಮ್ಮ ದೊಡ್ಡಪ್ಪ. ಐವತ್ತೆಂಟು ವರ್ಷ ಅವರಿಗೆ."

"ಹೋಗ್ಲಿ, ಏನಾದ್ರೂ ಸ್ಥಾಪಿಸಿದ್ದೀಯಾ?"

ಇದೇ ಈಗಿನ ಕಾಯಿಲೆ. ಹದಿನೇಳು ತುಂಬುವುದರೊಳಗೆ ಒಂದು ಸಂಸ್ಥೆ ಹುಟ್ಟುಹಾಕದ ಮಗು ಮಗುವೇ ಅಲ್ಲ. ಮೊನ್ನೆ ಅಬ್ಬಿ ಜಲಪಾತದ ದಾರಿಯಲ್ಲಿ ಮೂರು ಮಕ್ಕಳು ಎರಡು ಚಿಪ್ಸ್ ಪೊಟ್ಟಣ ಹೆಕ್ಕಿ ನಲವತ್ತು ಫೋಟೋ ತೆಗೆಸಿಕೊಂಡರು. ಮೂವರೂ ಸಂಸ್ಥಾಪಕ ಅಧ್ಯಕ್ಷರು. ಫೋಟೋ ತೆಗೆದು, ಪೊಟ್ಟಣವನ್ನೂ ಹಿಡಿದು ನಿಂತಿದ್ದ ಡ್ರೈವರ್ ಒಬ್ಬನೇ ಸದಸ್ಯ.

ನಮ್ಮ ಹುಡುಗ ನಿಜವಾಗಿ ಮಾಡುವುದೇನು? ಡಿಸೆಂಬರ್‌ನಲ್ಲಿ ಸ್ಕೂಲಿಂದ ಬಂದು ಕಣದಲ್ಲಿ ಅರೇಬಿಕಾ ಕಾಫಿ ಮಗುಚುತ್ತಾನೆ. ಮೋಡ ಕಂಡರೆ ಟಾರ್ಪಾಲು ಎಳೆದುಕೊಂಡು ಓಡುತ್ತಾನೆ. ರಾತ್ರಿ ಊಟಕ್ಕೆ ಮುಂಚೆ ಅಜ್ಜಿಗೆ ಇನ್ಸುಲಿನ್ ಚುಚ್ಚುತ್ತಾನೆ. ಫಾರಂ ಮಾಡಿದವರನ್ನು ಸುಮ್ನೆ ಬೈಯಬಾರದು, 'ಮನೆಯ ಜವಾಬ್ದಾರಿ' ಅಂತ ಒಂದು ವಿಭಾಗವನ್ನೇ ಇಟ್ಟಿದ್ದಾರೆ. ಇದ್ದದ್ದು ಇದ್ದ ಹಾಗೆ ಬರೆದರೆ ಮುಗಿಯಿತು. ಆದರೆ ಇದ್ದದ್ದನ್ನು ಬರೆಯೋಕೆ ಮೇಡಂಗೆ ಯಾರು ಫೀಸು ಕೊಡುತ್ತಾರೆ? ಟಾರ್ಪಾಲು ಎಳೆಯುವವನು 'ಕೊಯ್ಲೋತ್ತರ ತೇವಾಂಶ ನಿರ್ವಹಣಾ ಮುಖ್ಯಸ್ಥ' ಆದ. ಅಜ್ಜಿ 'ಗ್ರಾಮೀಣ ಹಿರಿಯರ ಮಧುಮೇಹ ಯೋಜನೆ' ಆದರು. ಫಲಾನುಭವಿಗಳು: ಒಬ್ಬರು.

"ವಾರಕ್ಕೆ ಎಷ್ಟು ಗಂಟೆ?" ಅಂತಲೂ ಫಾರಂ ಕೇಳುತ್ತದೆ. ಮಡಿಕೇರಿ ಮೋಡಕ್ಕೆ ಟೈಂಟೇಬಲ್ ಇದೆಯೇ?

ಅಷ್ಟರಲ್ಲಿ ಮೇಡಂಗೆ ಹುರುಪು ಬಂತು. "ಕೊಡಗಲ್ಲಿ 2018ರಲ್ಲಿ ಗುಡ್ಡ ಕುಸೀತಲ್ಲಾ, ನಿಮ್ಮ ಮನೆಗೇನಾದ್ರೂ...?" ಆಸೆಯಿಂದಲೇ ಕೇಳಿದರು. ಮನೆಗೆ ಏನೂ ಆಗಿರಲಿಲ್ಲ. ಪಾಪ, ಅವರಿಗೆ ಬೇಜಾರಾಯಿತು. ಆದರೆ ಹುಡುಗ ಆಗ ಅಮ್ಮನ ಜೊತೆ ಪರಿಹಾರ ಕೇಂದ್ರಕ್ಕೆ ಹೋಗಿ ದಿನಾ ತಟ್ಟೆ ಹಂಚಿದ್ದ.

"ಎಷ್ಟನೇ ಕ್ಲಾಸಲ್ಲಿ?"

"ಐದರಲ್ಲಿ."

"ಛೆ! ಒಂಬತ್ತರಿಂದ ಈಚೆಗಿಂದು ಮಾತ್ರ ನಡೆಯುತ್ತಪ್ಪಾ."

ಉಳಿದದ್ದು ಬಹುಮಾನದ ಪಟ್ಟಿ. ಅದರಲ್ಲೂ ಮಟ್ಟ ಹೇಳಬೇಕು: ಶಾಲೆ, ರಾಜ್ಯ, ದೇಶ, ಅಂತಾರಾಷ್ಟ್ರೀಯ. ಶಾಲೆಯ ಮಟ್ಟಕ್ಕೆ ಕೈಬರಹದ ಬಹುಮಾನ ಒಂದಿತ್ತು. ಕೊನೆಯದು ಖಾಲಿ. ಅಲ್ಲಿಯವರೆಗೆ ಮಾತಾಡದೆ ಕೂತಿದ್ದ ಭಾವ ಎದ್ದು ಅಟ್ಟ ಹತ್ತಿದರು. ಅವರ ಅಜ್ಜ ಬರ್ಮಾ ಯುದ್ಧದಿಂದ ತಂದ ಪದಕವನ್ನು ಪಂಚೆಯಲ್ಲಿ ಒರೆಸಿ ಕ್ಯಾಮೆರಾಕ್ಕೆ ಹಿಡಿದರು.

"ಇದು ಹೊರದೇಶದ್ದೇ ಅಲ್ವಾ ಮೇಡಂ?"

ನೆಟ್‌ವರ್ಕ್ ಒಮ್ಮೆ ಹೋಗಿ ಬಂತು. ಮೇಡಂ ಕನ್ನಡಕ ಮೇಲೇರಿಸಿ ಕೇಳಿದರು, "ಒಂಬತ್ತನೇ ಕ್ಲಾಸಾದ ಮೇಲೆ ಸಿಕ್ಕಿದ್ದಾ?"

"ಅವರು ಓದಿದ್ದೇ ನಾಲ್ಕನೇ ಕ್ಲಾಸು," ಅಂದರು ಭಾವ.