ದವನದ ಕಷಾಯ ಮತ್ತು ಸಂಪಿನ ಮುಚ್ಚಳ

ಕೋಲಾರದ ನಮ್ಮ ಬಡಾವಣೆ ಮಲೇರಿಯಾವನ್ನು ಗೆದ್ದಿದೆ. ಭಾನುವಾರ ಬೆಳಿಗ್ಗೆ, ಶಾಮಿಯಾನ ಹಾಕಿಸಿ, ಮೈಕ್ ಹಿಡಿದು ಗೆದ್ದಿದ್ದೇವೆ. ಸೊಳ್ಳೆಗಳಿಗೆ ಇನ್ನೂ ವಿಷಯ ಗೊತ್ತಾಗಿಲ್ಲ, ಅಷ್ಟೇ.

ಸಂಘದ ಅಧ್ಯಕ್ಷರ ಮೊಬೈಲಿಗೆ ಒಂದು ಸುದ್ದಿ ಬಂದಿತ್ತು. ಗಿಡದಿಂದ ಮಲೇರಿಯಾಗೆ ಔಷಧಿ ತೆಗೆದ ಚೀನಾದ ತು ಯೂಯೂ ಅವರಿಗೆ ನೊಬೆಲ್ ಸಿಕ್ಕಿದೆಯಂತೆ. ಸಿಕ್ಕಿದ್ದು 2015ರಲ್ಲಿ. ನಮ್ಮಲ್ಲಿಗೆ ಈಗ ತಲುಪಿದೆ. ಗಿಡ ಆರ್ಟಿಮಿಸಿಯಾ. ನಾವು ದೇವರಿಗೆ ಏರಿಸುವ ದವನವೂ ಅದೇ ಕುಲದ್ದು. ಇಷ್ಟು ಸಾಕಾಯಿತು. ಹೂವಿನ ಮಾರ್ಕೆಟ್ಟಿನಿಂದ ಮೂಟೆಗಟ್ಟಲೆ ದವನ ಬಂತು. ಗಣ್ಯರಿಗೆ ಹಾರ, ಉಳಿದವರಿಗೆ ಕಷಾಯ.

ಔಷಧಿ ಇರುವುದು ಆರ್ಟಿಮಿಸಿಯಾ ಆನ್ಯುವಾ ಎಂಬ ಗಿಡದಲ್ಲಿ. ದವನ ಅದರ ದಾಯಾದಿ. ದಾಯಾದಿ ಹೆಸರಿನ ಪಹಣಿ ತೋರಿಸಿದರೆ ಯಾವ ಬ್ಯಾಂಕ್ ನಮಗೆ ಸಾಲ ಕೊಡುತ್ತೆ ಹೇಳಿ? ಅದಿರಲಿ. ತು ಯೂಯೂ ಮಾಡಿದ್ದೇನು ಗೊತ್ತಾ? ಸುಮಾರು 1,600 ವರ್ಷ ಹಳೆಯ ವೈದ್ಯ ಗ್ರಂಥ ತಿರುವಿ ಹಾಕಿದರು. ಅದರಲ್ಲಿ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತಿತ್ತು, ಕುದಿಸಿ ಅಂತ ಇರಲಿಲ್ಲ. ಶಾಖಕ್ಕೆ ಗುಣ ಹಾಳಾಗುತ್ತಿರಬೇಕು ಎಂದು ಅವರಿಗೆ ಹೊಳೆಯಿತು. ಈಥರ್ ಎಂಬ ದ್ರಾವಕ ಬಳಸಿ, ಕಡಿಮೆ ಶಾಖದಲ್ಲಿ ಸಾರ ತೆಗೆದರು. ರೋಗಿಗಳಿಗೆ ಕೊಡುವ ಮುಂಚೆ ತಾವೇ ಸೇವಿಸಿ ನೋಡಿದರು. ನಮ್ಮ ಅಡುಗೆ ಭಟ್ಟರು ಇದನ್ನೆಲ್ಲ ಇನ್ನೂ ಸುಲಭ ಮಾಡಿದರು. ಹಂಡೆಗೆ ದವನ ಸುರಿದು ಬೆಳಗಿನ ಜಾವದಿಂದ ಕೊತಕೊತ ಕುದಿಸಿದರು. ಜೊತೆಗೆ ಬೆಲ್ಲ, ಏಲಕ್ಕಿ. ಅಧ್ಯಕ್ಷರು ಮಾತ್ರ ಕುಡಿಯಲಿಲ್ಲ. ಶುಗರ್ ಇದೆಯಂತೆ.

ಭಾಷಣಕಾರರು ಒಂದು ಪಟ್ಟಿಯನ್ನೇ ಓದಿದರು. ಬೇವು, ತುಳಸಿ, ಅರಿಶಿನ, ನೆಲಬೇವು, ಎಲ್ಲವೂ ಪ್ರಯೋಗಾಲಯದಲ್ಲಿ ರೋಗಾಣುವನ್ನು ಕೊಂದಿವೆಯಂತೆ. ಗಾಜಿನ ತಟ್ಟೆಯಲ್ಲಿ ಕೊಲ್ಲುವುದಕ್ಕೆ ಫಿನಾಯಿಲ್ ಸಾಕು ಸ್ವಾಮಿ. ಹೊಟ್ಟೆಗೆ ಹೋಗಿ, ರಕ್ತ ಸೇರಿ, ಲಿವರ್ ಕೆಡಿಸದೆ ಕೊಲ್ಲಬೇಕಲ್ಲ, ಕಷ್ಟ ಇರುವುದು ಅಲ್ಲಿ. ಅಸಲಿ ಗಿಡದ್ದೇ ಆದರೂ ಎಲೆಯ ಕಷಾಯ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಎಲೆಯಲ್ಲಿ ಇದ್ದಷ್ಟು ಮದ್ದು ಇನ್ನೊಂದರಲ್ಲಿ ಇರುವುದಿಲ್ಲ. ಅರೆಬರೆ ಡೋಸ್ ಬಿದ್ದರೆ ರೋಗಾಣು ಸಾಯುವ ಬದಲು ಒಗ್ಗಿಕೊಳ್ಳುತ್ತದೆ. ಅದಕ್ಕೇ ಆಸ್ಪತ್ರೆಯಲ್ಲಿ ಈ ಔಷಧಿಯನ್ನು ಒಂಟಿಯಾಗಿ ಕೊಡದೆ ಇನ್ನೊಂದರ ಜೊತೆ ಸೇರಿಸಿ ಕೊಡುತ್ತಾರೆ. ಇದನ್ನೆಲ್ಲ ಅಲ್ಲಿ ಹೇಳಿದ್ದರೆ ನನ್ನನ್ನು ಸಂಸ್ಕೃತಿ ವಿರೋಧಿ ಅನ್ನುತ್ತಿದ್ದರು. ಸುಮ್ನೆ ಚಪ್ಪಾಳೆ ತಟ್ಟಿದೆ.

ಚರಂಡಿಗೆ ಬ್ಲೀಚಿಂಗ್ ಪೌಡರ್ ಎರಚಿ ಫೋಟೊ ತೆಗೆಸಿಕೊಂಡಿದ್ದೂ ಆಯ್ತು. ಪಾಪ, ಪಟ್ಟಣದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಗೆ ಗಲೀಜು ಆಗುವುದಿಲ್ಲ. ಸಂಪು, ತೊಟ್ಟಿ, ಓವರ್‌ಹೆಡ್ ಟ್ಯಾಂಕಿನ ತಿಳಿನೀರೇ ಬೇಕು. ದುಡ್ಡು ಕೊಟ್ಟು ಟ್ಯಾಂಕರ್ ನೀರು ತುಂಬಿಸಿಕೊಳ್ಳುವ ನಮ್ಮ ಬಡಾವಣೆಗಿಂತ ಒಳ್ಳೆ ಬಾಣಂತಿಕೋಣೆ ಅದಕ್ಕೆ ಎಲ್ಲಿ ಸಿಗಬೇಕು?

ಈ ನೀರಿನ ಮಾತು ಎತ್ತಿದ್ದು ಹಿಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಒಬ್ಬರೇ. “ಏನಪ್ಪಾ, ಪಾರ್ಕಿನ ಸಂಪಿನ ಮುಚ್ಚಳ ಮುರಿದು ವರ್ಷ ಆಯ್ತಲ್ಲ, ಯಾವಾಗ ಹಾಕಿಸ್ತೀಯಾ?”

“ಅಜ್ಜಿ, ಅದಕ್ಕೆ ಮೂರು ಕಡೆಯಿಂದ ಕೊಟೇಶನ್ ಬರಬೇಕು” ಎಂದರು ಅಧ್ಯಕ್ಷರು. ದವನಕ್ಕೆ ಕೊಟೇಶನ್ ಬೇಕಾಗಿರಲಿಲ್ಲ, ಅದು ತುರ್ತು ಖರ್ಚು.

ಮುಂದಿನ ತಿಂಗಳು ಆನೆಕಾಲು ರೋಗದ ಮೇಲೆ ವಿಜಯ. ಯಾವ ಸೊಪ್ಪು ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಶಾಮಿಯಾನಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ.